ಬಿಟ್ಟು ಹೋಗಲಾಗದ ಸಾಲು

ಒಂದು ದಿನ ಅಗಸ್ಟೀನ್ ಚಿಕ್ಕದೊಂದು ಕೀರ್ತನೆಯ ಮೇಲೆ ಮಾತಾಡಲು ಸಿದ್ಧನಾಗಿ ಬಂದಿದ್ದ. ಅದನ್ನು ಸಭೆಗೆ ಓದಿ ಹೇಳಬೇಕಾಗಿದ್ದವನು ಗಡಿಬಿಡಿಯಲ್ಲಿ ಬೇರೊಂದನ್ನು ಓದಿಬಿಟ್ಟ. ಅದು ಈಗಿನ ಲೆಕ್ಕದ 139ನೆಯ ಕೀರ್ತನೆ. ಉದ್ದದ್ದು, ತೊಡಕಿನದು. ಅವನನ್ನು ತಡೆದು, ಇದಲ್ಲ ಅದನ್ನು ಓದು ಎನ್ನಬಹುದಿತ್ತು. ಅಗಸ್ಟೀನ್ ಹಾಗೆ ಮಾಡಲಿಲ್ಲ. ನನ್ನ ಇಷ್ಟದ ಹಿಂದೆ ಹೋಗುವುದಕ್ಕಿಂತ ಈ ತಪ್ಪಿನೊಳಗೆ ಇರಬಹುದಾದ ದೇವರ ಇಷ್ಟದ ಹಿಂದೆ ಹೋಗುತ್ತೇನೆ ಎಂಬರ್ಥದ ಮಾತು ಹೇಳಿ, ಓದಿದ್ದನ್ನೇ ವಿವರಿಸಲು ತೊಡಗಿದ.

ಈ ಘಟನೆಯನ್ನು ಭಕ್ತಿಯ ಕತೆಯಾಗಿ ಓದುವವರು ಓದಲಿ. ನನಗೆ ಇದು ಒಂದು ಸಾಹಿತ್ಯ ಪ್ರಕಾರದ ವ್ಯಾಖ್ಯೆಯಂತೆ ಕಾಣುತ್ತದೆ. ಬೈಬಲಿನ ಒಂದು ಪುಸ್ತಕವನ್ನು ಎತ್ತಿಕೊಂಡು ಸಾಲಿನಿಂದ ಸಾಲಿಗೆ ನಡೆದು ಅರ್ಥ ಹೇಳುವ ಪ್ರಸಂಗದಲ್ಲಿ ಮಾತಾಡುವವನಿಗೆ ವಿಷಯದ ಆಯ್ಕೆ ಇಲ್ಲ. ಕರುಣೆಯ ಬಗ್ಗೆ ಮಾತಾಡೋಣ ಎಂದುಕೊಂಡವನು ಅದಕ್ಕೊಪ್ಪುವ ವಾಕ್ಯವನ್ನು ಹುಡುಕಿ ತರುತ್ತಾನೆ. ವ್ಯಾಖ್ಯಾನಕಾರನಿಗೆ ಆ ಸುಖವಿಲ್ಲ. ಮುಂದಿನ ಸಾಲು ಏನಿದೆಯೋ ಅದೇ ಅವನ ವಿಷಯ.

ಕನ್ನಡದ ಕಿವಿಗೆ ಇದೇನೂ ಹೊಸದಲ್ಲ. ಗಮಕಿ ಕುಮಾರವ್ಯಾಸನ ಷಟ್ಪದಿಯನ್ನು ವಾಚಿಸಿ ನಿಲ್ಲಿಸಿದಾಗ ಪಕ್ಕದಲ್ಲಿರುವ ವ್ಯಾಖ್ಯಾನಕಾರರು ಅರ್ಥ ಬಿಡಿಸುವುದನ್ನು ನಾವು ಕೇಳಿದ್ದೇವೆ. ತಾಳಮದ್ದಳೆಯಲ್ಲಂತೂ ಭಾಗವತರು ಹಾಡಿದ ಪದ್ಯವೇ ಅರ್ಥಧಾರಿಯ ಗಡಿ. ಆ ಗಡಿಯೊಳಗೆ ಅವನು ಎಷ್ಟು ಬೇಕಾದರೂ ಬೆಳೆಯಬಹುದು. ಯಕ್ಷಗಾನದವರಿಗೂ ಚರ್ಚಿನವರಿಗೂ ‘ಪ್ರಸಂಗ’ ಎಂಬ ಒಂದೇ ಪದ ಇರುವುದು ಬರೀ ಆಕಸ್ಮಿಕವಿರಬಹುದು, ಆದರೆ ನನಗೆ ಇಷ್ಟವಾದ ಆಕಸ್ಮಿಕ. ಒಂದು ವ್ಯತ್ಯಾಸ ಮಾತ್ರ ಇದೆ. ಅರ್ಥಧಾರಿ ಕರ್ಣನೋ ವಾಲಿಯೋ ಆಗಿ ಮಾತಾಡುತ್ತಾನೆ, ಯಾರ ದನಿ ಎಂಬುದು ಮೊದಲೇ ಗೊತ್ತು. ಕೀರ್ತನೆಗಳ ಮುಂದೆ ನಿಂತ ಪ್ರಸಂಗಿಗೆ ಅದು ಗೊತ್ತಿಲ್ಲ. ಅದನ್ನು ಕಂಡುಕೊಳ್ಳುವುದೇ ಅವನ ಅರ್ಧ ಕೆಲಸ.

ಸುವಾರ್ತೆಗಳಲ್ಲಿ ಕಷ್ಟ ಬೇರೆ ಬಗೆಯದು. ಮತ್ತಾಯನ ಸುವಾರ್ತೆ ತೆರೆಯುವುದೇ ಹೆಸರುಗಳ ಪಟ್ಟಿಯಿಂದ, ಅಬ್ರಹಾಮನಿಂದ ಯೇಸುವಿನವರೆಗಿನ ವಂಶಾವಳಿ. ಯಾವ ಪ್ರಸಂಗಿಯೂ ಹಾರಿಸಿ ಮುಂದೆ ಹೋಗಬಯಸುವ ಪುಟ ಅದು. ಅಂತಿಯೋಕ್ಯದಲ್ಲಿ ಪಾದ್ರಿಯಾಗಿದ್ದ ಜಾನ್ ಕ್ರಿಸೊಸ್ತೊಮ್ ನಾಲ್ಕನೆಯ ಶತಮಾನದ ಕೊನೆಯಲ್ಲಿ ಮತ್ತಾಯನ ಮೇಲೆ ಮಾಡಿದ 90 ಪ್ರಸಂಗಗಳು ಉಳಿದುಬಂದಿವೆ. ಅವನು ಈ ಪಟ್ಟಿಯ ಮುಂದೆ ನಿಲ್ಲುತ್ತಾನೆ. ನಿಂತು, ಎಲ್ಲರೂ ಕಣ್ತಪ್ಪಿಸುವ ಹೆಸರುಗಳನ್ನು ಕೈಮಾಡಿ ತೋರಿಸುತ್ತಾನೆ. ಮಾವನಿಂದ ಮಕ್ಕಳನ್ನು ಪಡೆದ ತಾಮಾರ್ ಇಲ್ಲಿ ಏಕಿದ್ದಾಳೆ? ವೇಶ್ಯೆ ರಾಹಾಬ್, ಪರದೇಶಿ ರೂತ್, ಹೆಸರೂ ಹೇಳದೆ ‘ಊರೀಯನ ಹೆಂಡತಿ’ ಎಂದು ಕರೆಯಲಾದ ಆ ಇನ್ನೊಬ್ಬಳು? ಕುಲದ ಹೆಮ್ಮೆ ಹೊತ್ತವರ ಬಾಯಿ ಮುಚ್ಚಿಸಲು ಎನ್ನುತ್ತಾನೆ ಕ್ರಿಸೊಸ್ತೊಮ್. ಹಿರಿಯರ ಕಳಂಕಕ್ಕೆ ನಾಚದೆ ಅದರೊಳಗೇ ಹುಟ್ಟಿಬಂದವನ ಕತೆ ಇದು. ಹಾಗಿದ್ದಮೇಲೆ ಪೂರ್ವಜರ ಹೆಸರು ಹೇಳಿ ಬೀಗುವುದಕ್ಕೇನು ಉಳಿಯಿತು? ಜಾತಿಯ ಮಾತು ಗೊತ್ತಿರುವ ನಮಗೆ ಈ ಪ್ರಸಂಗದ ಕಾವು ಬೇಗ ತಾಗುತ್ತದೆ. ವಿಷಯ ಆಯ್ದುಕೊಂಡು ಮಾತಾಡುವವನಿಗೆ ಇದು ಸಿಗುತ್ತಿರಲಿಲ್ಲ. ನೀರಸ ಪಟ್ಟಿಯ ಮುಂದೆ ಅವನು ನಿಲ್ಲುತ್ತಲೇ ಇರಲಿಲ್ಲ.

ಕ್ರಿಸೊಸ್ತೊಮ್‌ನಲ್ಲಿ ಒಂದು ದೋಷವಿದೆ, ಹೇಳಿಬಿಡುತ್ತೇನೆ. ಅವನ ಪ್ರಸಂಗಗಳು ಎಷ್ಟೋ ಸಲ ನಡುವೆ ಒಡೆದುಕೊಳ್ಳುತ್ತವೆ. ಮೊದಲ ಭಾಗ ಸಾಲಿನ ವಿವರಣೆ, ಎರಡನೆಯ ಭಾಗ ಉಪದೇಶ. ಎರಡರ ನಡುವಿನ ಹೊಲಿಗೆ ಕಾಣುತ್ತದೆ. ಆದರೆ ಐವತ್ತನೆಯ ಪ್ರಸಂಗದಲ್ಲಿ ಆ ಹೊಲಿಗೆ ಮಾಯವಾಗುತ್ತದೆ. ರೋಗಿಗಳು ಯೇಸುವಿನ ಉಡುಪಿನ ಅಂಚನ್ನು ಮುಟ್ಟಿ ಗುಣವಾದ ಸಾಲು ಎದುರಿಗಿದೆ. ಉಡುಪು, ಒಳಗಿನ ದೇಹ, ಆ ದೇಹ ಈಗ ಎಲ್ಲಿದೆ ಎಂದು ಮಾತು ಸಾಗಿ, ದೇವಾಲಯದಲ್ಲಿ ರೇಷ್ಮೆ ಹೊದಿಸಿ ಬಾಗಿಲ ಹೊರಗೆ ಚಳಿಯಲ್ಲಿ ಬೆತ್ತಲೆ ಬಿಟ್ಟಿದ್ದೀರಲ್ಲ ಎಂಬಲ್ಲಿಗೆ ಬಂದು ಮುಟ್ಟುತ್ತದೆ. ಬಟ್ಟೆಯ ಒಂದೇ ಎಳೆ ಹಿಡಿದು ಅವನು ಅಲ್ಲಿಯವರೆಗೆ ಬಂದಿದ್ದಾನೆ.

ಸಾಲಿಗೆ ಕಟ್ಟುಬೀಳುವ ಈ ಶಿಸ್ತನ್ನು ಕ್ಯಾಲ್ವಿನ್ ಮಾತಿಲ್ಲದೆ ತೋರಿಸಿದ. 1538ರಲ್ಲಿ ಜಿನೀವಾ ಅವನನ್ನು ಹೊರಗಟ್ಟಿತು. 1541ರಲ್ಲಿ ತಾನೇ ಕರೆಸಿಕೊಂಡಿತು. ಮರಳಿ ಬಂದವನು ಏನು ಹೇಳುತ್ತಾನೋ, ಯಾರನ್ನು ಹಂಗಿಸುತ್ತಾನೋ ಎಂದು ಊರಿಗೆ ಕುತೂಹಲ. ಅವನು ಮೂರು ವರ್ಷದ ಹಿಂದೆ ಎಲ್ಲಿ ನಿಲ್ಲಿಸಿದ್ದನೋ ಅಲ್ಲಿಂದ ಮುಂದಿನ ಸಾಲನ್ನು ತೆಗೆದುಕೊಂಡ. ಮುಂದೆ ಒಬ್ಬ ಫ್ರೆಂಚ್ ನಿರಾಶ್ರಿತ ಅವನ ಪ್ರಸಂಗಗಳನ್ನು ಶೀಘ್ರಲಿಪಿಯಲ್ಲಿ ಬರೆದುಕೊಂಡ, ಸಂಪುಟಗಳು ತುಂಬಿದವು. ಅವುಗಳಲ್ಲಿ ಹೆಚ್ಚಿನವನ್ನು 1805ರಲ್ಲಿ ಜಿನೀವಾದ ಗ್ರಂಥಾಲಯವೇ ಪುಸ್ತಕ ವ್ಯಾಪಾರಿಗಳಿಗೆ ತೂಕದ ಲೆಕ್ಕದಲ್ಲಿ ಮಾರಿತು. ಈ ಪ್ರಕಾರಕ್ಕೆ ಸಾಹಿತ್ಯದ ಮಾನ ಎಷ್ಟಿತ್ತು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಅಗಸ್ಟೀನ್‌ಗೆ ಮರಳುತ್ತೇನೆ, ಏಕೆಂದರೆ ನನ್ನ ಜಗಳ ಇರುವುದು ಅವನ ಜೊತೆಗೆ. 150 ಕೀರ್ತನೆಗಳಿಗೂ ಅವನು ವ್ಯಾಖ್ಯಾನ ಬರೆದಿದ್ದಾನೆ ಅಥವಾ ಹೇಳಿ ಬರೆಸಿದ್ದಾನೆ. ಅವನ ಎಲ್ಲ ಕೃತಿಗಳಲ್ಲಿ ಉದ್ದವಾದದ್ದು ಇದೇ. ಪ್ರತಿ ಕೀರ್ತನೆಯ ಹೊಸ್ತಿಲಲ್ಲಿ ಅವನ ಪ್ರಶ್ನೆ ಒಂದೇ: ಇಲ್ಲಿ ಮಾತಾಡುತ್ತಿರುವವರು ಯಾರು? ಕ್ರಿಸ್ತನೋ, ಅವನ ದೇಹವಾದ ಸಭೆಯೋ, ಇಬ್ಬರೂ ಸೇರಿದ ಒಂದೇ ದನಿಯೋ? ಶಿಲುಬೆಯ ಮೇಲೆ ಯೇಸು ಕೂಗಿದ್ದು 22ನೆಯ ಕೀರ್ತನೆಯ ಮೊದಲ ಸಾಲು. ಮತ್ತಾಯನೂ ಮಾರ್ಕನೂ ಅದನ್ನು ದಾಖಲಿಸಿದ್ದಾರೆ. ದೇವರು ತನ್ನನ್ನು ಕೈಬಿಟ್ಟನೆಂದು ದೇವರ ಮಗನೇ ಕೂಗುವುದು ಹೇಗೆ? ಅಗಸ್ಟೀನನ ಉತ್ತರ, ಆ ಕೂಗಿನಲ್ಲಿ ನಾವೂ ಇದ್ದೆವು, ನಮ್ಮ ದನಿಯನ್ನು ಅವನು ತನ್ನದಾಗಿಸಿಕೊಂಡ. ದೇವತಾಶಾಸ್ತ್ರವನ್ನು ಒಪ್ಪಲಿ ಬಿಡಲಿ, ಓದಿನ ಕ್ರಮವಾಗಿ ಇದು ಬೆರಗು ಹುಟ್ಟಿಸುತ್ತದೆ. ಭಾವಗೀತೆಯ ‘ನಾನು’ ಯಾರು ಎಂದು ತಲೆ ಕೆಡಿಸಿಕೊಂಡ ಯಾವ ವಿದ್ಯಾರ್ಥಿಯೂ ಇವನಿಂದ ಕಲಿಯಬಹುದು.

ಇನ್ನು 137ನೆಯ ಕೀರ್ತನೆ. ಸೆರೆಯಾಳುಗಳಾಗಿ ಬಾಬಿಲೋನಿಗೆ ಒಯ್ಯಲ್ಪಟ್ಟವರು ನದಿಯ ದಡದಲ್ಲಿ ಕುಳಿತು ಅಳುವ ಹಾಡು. ಅಗಸ್ಟೀನನ ವ್ಯಾಖ್ಯಾನದ ಮೊದಲ ಭಾಗ ಅವನ ಅತ್ಯುತ್ತಮ ಪುಟಗಳಲ್ಲಿ ಸೇರುತ್ತದೆ. ಬಾಬಿಲೋನಿನ ನದಿಗಳೆಂದರೆ ನಾವು ಪ್ರೀತಿಸಿದ, ಹರಿದುಹೋಗುವ ಎಲ್ಲವೂ. ಗಮನಿಸಿ, ಅವರು ಕುಳಿತದ್ದು ದಡದ ಮೇಲೆ, ನೀರಿನೊಳಗಲ್ಲ. ಕಿನ್ನರಿಗಳನ್ನು ತೂಗುಹಾಕಿದ ಮರಗಳು ಬಾಬಿಲೋನಿನ ನೀರು ಕುಡಿದೇ ಬೆಳೆದವು, ಫಲ ಮಾತ್ರ ಬಿಡವು. ಒಂದೊಂದು ವಸ್ತುವಿನ ಮುಂದೆಯೂ ಅವನು ಕಣ್ಣಿಟ್ಟು ಕುಳಿತಿದ್ದಾನೆ.

ಆಮೇಲೆ ಒಂಬತ್ತನೆಯ ಸಾಲು ಬರುತ್ತದೆ. ಬಾಬಿಲೋನಿನ ಕೂಸುಗಳನ್ನು ಹಿಡಿದು ಬಂಡೆಗೆ ಅಪ್ಪಳಿಸುವವನು ಧನ್ಯನು ಎಂಬ ಸಾಲು. ಕೂಸುಗಳೆಂದರೆ ಮನಸ್ಸಿನಲ್ಲಿ ಆಗಷ್ಟೇ ಹುಟ್ಟಿದ ದುರಾಸೆಗಳು, ಬಂಡೆಯೆಂದರೆ ಕ್ರಿಸ್ತ, ಬೆಳೆಯುವ ಮುನ್ನ ಚಚ್ಚಿಬಿಡು ಎನ್ನುತ್ತಾನೆ ಅಗಸ್ಟೀನ್. ಅವನಿಗಿಂತ ಮುಂಚೆ ಒರಿಗೆನ್ ಕೂಡ ಇದೇ ದಾರಿ ಹಿಡಿದಿದ್ದ. ಜಾಣತನದ ಓದು, ನಿಜ. ಆದರೆ ಇಡೀ ಪುಸ್ತಕದುದ್ದಕ್ಕೂ ಇದು ಯಾರ ದನಿ ಎಂದು ಕೇಳುತ್ತ ಬಂದವನು, ಕೇಳಲೇಬೇಕಾದ ಈ ಜಾಗದಲ್ಲಿ ಕೂಸುಗಳು ಏನನ್ನು ಸೂಚಿಸುತ್ತವೆ ಎಂಬ ಕಡೆಗೆ ಹೊರಳಿಬಿಟ್ಟ. ಮಾತಾಡುತ್ತಿದ್ದವರು ಮಾಯವಾದರು. ತಮ್ಮ ಕೂಸುಗಳನ್ನು ಕಳೆದುಕೊಂಡವರೇ ಇರಬಹುದಾದ ಅವರ ಮುಖ ನಮಗೆ ಕಾಣದೇಹೋಯಿತು.

ಅಗಸ್ಟೀನ್ ಸಾಲನ್ನು ಅರ್ಥದಿಂದ ಕರಗಿಸಿದ, ಬೇರೆಯವರು ಕತ್ತರಿಯಿಂದ ತೆಗೆದರು. ಕಥೋಲಿಕ ಸಭೆಯ ನಿತ್ಯಪ್ರಾರ್ಥನೆಯ ಪುಸ್ತಕ 1971ರಲ್ಲಿ ಪರಿಷ್ಕೃತವಾದಾಗ 58, 83, 109ನೆಯ ಕೀರ್ತನೆಗಳು ಪೂರ್ತಿಯಾಗಿ ಹೊರಗುಳಿದವು, 137ರ ಕೊನೆಯ ಸಾಲುಗಳೂ ಹೋದವು. 1978ರಲ್ಲಿ ಬೋನಿ ಎಂ ತಂಡದಿಂದ ಜಗತ್ತಿಗೆಲ್ಲ ಗೊತ್ತಾದ, ಅದಕ್ಕೂ ಮೊದಲು ಜಮೈಕಾದವರದಾಗಿದ್ದ ಹಾಡು ಮಾಡಿದ್ದೂ ಅದನ್ನೇ. ಅರ್ಧ ದಾರಿಗೆ 137ನ್ನು ಬಿಟ್ಟು 19ನೆಯ ಕೀರ್ತನೆಯ ಕೊನೆಯ ಸಾಲಿಗೆ ಹಾರುತ್ತದೆ. ಹಾಡಿಗೆ ಆ ಹಕ್ಕಿದೆ, ಅದರ ಮೇಲೆ ನನಗೆ ದೂರಿಲ್ಲ.

ದೂರಿಲ್ಲದೆ ಓದಬಹುದಾದ ಉತ್ತರ ಸಿಕ್ಕಿದ್ದು ನಾನು ನಿರೀಕ್ಷಿಸದ ಕಡೆ. ಹತ್ತೊಂಬತ್ತನೆಯ ಶತಮಾನದ ಲಂಡನ್ನಿನ ಸ್ಪರ್ಜನ್ ಸಾಲುಸಾಲಾಗಿ ನಡೆಯುವ ಪ್ರಸಂಗಿಯೇ ಅಲ್ಲ. ವಾರವಾರ ತನಗೆ ಹೊಳೆದ ವಾಕ್ಯವನ್ನು ಆಯ್ದುಕೊಂಡು ಸಾವಿರಾರು ಜನರನ್ನು ಹಿಡಿದು ಕೂರಿಸುತ್ತಿದ್ದವನು. ಆದರೆ ಏಳು ಸಂಪುಟಗಳಲ್ಲಿ, 1885ಕ್ಕೆ ಮುಗಿದ ತನ್ನ ಕೀರ್ತನೆಗಳ ವ್ಯಾಖ್ಯಾನದಲ್ಲಿ ಅವನಿಗೂ ಆಯ್ಕೆ ಇರಲಿಲ್ಲ. ಒಂಬತ್ತನೆಯ ಸಾಲಿಗೆ ಬಂದು ಅವನು ಹೇಳುವುದರ ಸಾರ ಇಷ್ಟು: ತಮ್ಮ ದೇವಾಲಯ ಸುಟ್ಟದ್ದನ್ನು, ಊರು ಹಾಳಾದದ್ದನ್ನು, ಹೆಂಡತಿ ಮಕ್ಕಳಿಗೆ ಆದದ್ದನ್ನು ಕಾಣದವರು ಬೇಕಾದರೆ ಇದರಲ್ಲಿ ತಪ್ಪು ಹುಡುಕಲಿ, ಕಂಡಿದ್ದರೆ ಅವರ ಬಾಯಿಯೂ ಇಷ್ಟು ಮೃದುವಾಗಿರುತ್ತಿರಲಿಲ್ಲ. ಅವನು ಸಾಲನ್ನು ಸಮರ್ಥಿಸುತ್ತಿದ್ದಾನೆಯೇ? ನನಗೆ ಹಾಗನ್ನಿಸುವುದಿಲ್ಲ. ಅಗಸ್ಟೀನ್ ಕೇಳದೆ ಬಿಟ್ಟ ಅಗಸ್ಟೀನನದೇ ಪ್ರಶ್ನೆಯನ್ನು ಅವನು ಕೇಳಿದ್ದಾನೆ. ದನಿ ಸೆರೆಯಾಳಿನದು. ಸಿಟ್ಟು ಸಿಟ್ಟಾಗಿಯೇ ಉಳಿಯಿತು.

ಇದೇ ಪರೀಕ್ಷೆಯನ್ನು 88ನೆಯ ಕೀರ್ತನೆಯೂ ಒಡ್ಡುತ್ತದೆ. ಗೋಳಿನ ಇತರ ಕೀರ್ತನೆಗಳು ಎಲ್ಲೋ ಒಂದೆಡೆ ಭರವಸೆಯತ್ತ ತಿರುಗುತ್ತವೆ, ಇದು ತಿರುಗುವುದಿಲ್ಲ. ಹೀಬ್ರೂ ಮೂಲದಲ್ಲಿ ಇದರ ಕಟ್ಟಕಡೆಯ ಪದ ಕತ್ತಲೆ. ಸಭೆಯನ್ನು ಹಾಗೆಯೇ ಮನೆಗೆ ಕಳಿಸಲು ಮನಸ್ಸು ಬಾರದೆ ಮುಂದಿನ ಕೀರ್ತನೆಯತ್ತ ಕೈಚಾಚುವುದು ಸುಲಭ, ಏಕೆಂದರೆ 89 ತೆರೆಯುವುದೇ ದೇವರ ಕೃಪೆಯನ್ನು ಹಾಡುವ ಮಾತಿನಿಂದ. ಆದರೆ ಅದು ಮುಂದಿನ ವಾರದ ಪಾಲು. ಈ ವಾರಕ್ಕೆ ಓದಿದ್ದು ಇಷ್ಟೇ.