ಗಾಳಿಗೆದುರು ಬಿತ್ತುವಾಕೆ

ಫ್ರಾನ್ಸಿನ ಆಸ್ಕರ್ ರೋಟಿ (1846-1911) ಕೊರೆದ ಬಿತ್ತುವಾಕೆ ಮೊದಲು 1887ರಲ್ಲಿ ಕೃಷಿ ಇಲಾಖೆಯ ಪದಕಕ್ಕೆಂದು ಹುಟ್ಟಿದವಳು. 1897ರಲ್ಲಿ ಬೆಳ್ಳಿ ನಾಣ್ಯಕ್ಕೆ ಬಂದಳು. ಹೆಗಲಿಗೆ ಬೀಜದ ಚೀಲ, ಬೀಸಿದ ಕೈ, ಹಾರುವ ಕೂದಲು, ಹಿಂದೆ ಸೂರ್ಯ. ಚೆಲುವೇನೋ ಹೌದು. ಆದರೆ ಗಾಳಿಗೆದುರಾಗಿ ಯಾರಾದರೂ ಬಿತ್ತುತ್ತಾರೆಯೇ? ಅಲ್ಲಿಯವರೂ ಹೀಗೆಯೇ ಆಡಿಕೊಂಡರಂತೆ.

ನಮ್ಮ ಹೊಳೆಆಲೂರಿನ ಎರೆಹೊಲದಲ್ಲಿ ಉಡಿಯಲ್ಲಿ ಜೋಳ ಕಟ್ಟಿಕೊಂಡು ಕೂರಿಗೆಯ ಹಿಂದೆ ನಡೆಯುವ ಹೆಂಗಸರನ್ನು ನಾನು ಬಲ್ಲೆ. ಕಣ್ಣೆಲ್ಲ ಸಾಲಿನ ಮೇಲೆ. ಕಾಳು ತಪ್ಪಿದರೆ ಮಾತು ಕೇಳುವವಳೂ ಅವಳೇ. ರೋಟಿ ನಡಿಗೆಯ ಚೆಂದ ಕಂಡ, ಬೆನ್ನುನೋವು ಕಾಣಲಿಲ್ಲ.

ಆದರೂ ಒಂದು ಮಾತು ಒಪ್ಪಬೇಕು. ಒಂದು ಕಾಲಕ್ಕೆ ರಾಜರ ತಲೆ ಇದ್ದ ಜಾಗದಲ್ಲಿ ದುಡಿಯುವ ಹೆಣ್ಣನ್ನು ನಿಲ್ಲಿಸಿದ, ತನ್ನ ಹೆಸರನ್ನೂ ಕೊರೆದ. ನಮ್ಮ ಲಕ್ಕುಂಡಿಯ ಟಂಕಸಾಲೆಯ ಗದ್ಯಾಣಗಳಲ್ಲಿ ಅಚ್ಚು ಕೊರೆದವರ ಹೆಸರಿಲ್ಲ.