ಗೆಸ್ಟ್ ಮೇಷ್ಟ್ರ ಹಳಹಳಿಕೆ, ದುರ್ಯೋಧನನ ಕಿರೀಟ

ಬಾಲ್ಯದ ಬಗ್ಗೆ ಕನ್ನಡದಲ್ಲಿ ಬರೆದವರು ಬಹಳ ಜನ. ಅಜ್ಜಿಯ ಮಡಿಲು, ಹಂಚಿನ ಮನೆ, ಹಿತ್ತಲ ಸಂಪಿಗೆ, ಶಾಲೆಯ ಗಂಟೆ, ಊರ ಹಬ್ಬದ ನಾಟಕ, ಚಂದಮಾಮ. ಇಷ್ಟನ್ನು ಒಂದು ಗಂಟು ಕಟ್ಟಿ, ಆ ದಿನ ಇನ್ನೆಲ್ಲಿ ಎಂದು ಒಂದು ನಿಟ್ಟುಸಿರು ಬಿಟ್ಟರೆ ಲಲಿತ ಪ್ರಬಂಧ ತಯಾರು. ಇದೆಲ್ಲ ಮೇಲ್ಜಾತಿ ಮಧ್ಯಮವರ್ಗದ ಹಳಹಳಿಕೆ ಎಂದು ತಳ್ಳಿಹಾಕುವುದು ಸುಲಭ. ಹಾಗೆ ತಳ್ಳಿಹಾಕಿ ಕೈತೊಳೆದುಕೊಂಡವರೂ ನಮ್ಮ ನಡುವೆ ಇದ್ದಾರೆ. ನಾವು ಇಲ್ಲಿ ಎತ್ತಬೇಕೆಂದಿರುವ ಪ್ರಶ್ನೆ ಬೇರೆ. ಸಂಪಿಗೆ ಇರಲಿ, ಹಿತ್ತಲೇ ಇಲ್ಲದವನು, ಕೇರಿಯಲ್ಲಿ ಹುಟ್ಟಿ ಡಿ.ಎಡ್. ಮುಗಿಸಿ ಇವತ್ತು ಯಾವುದೋ ಸರ್ಕಾರಿ ಶಾಲೆಯಲ್ಲಿ ಅತಿಥಿ ಶಿಕ್ಷಕನಾಗಿರುವವನು ಕೂಡ ಯಾಕೆ ಹೀಗೆಯೇ ಹಳಹಳಿಸುತ್ತಾನೆ? ಅವನ ನೆನಪಿನಲ್ಲಿ ಉಳಿದಿರುವುದು ಯಾರ ಬಾಲ್ಯ?

ಈ ಪ್ರಶ್ನೆಗೆ ಉತ್ತರ ಬೇಕಾದರೆ ಮೊದಲು ಅವನ ದಿನಚರಿಯನ್ನು ನೋಡಬೇಕು. 'ಅತಿಥಿ' ಎಂಬುದು ಬಹಳ ಸಂಸ್ಕಾರವುಳ್ಳ ಶಬ್ದ. ಅತಿಥಿ ದೇವರ ಸಮಾನ ಎನ್ನುವ ಈ ದೇಶದಲ್ಲಿ ಈ ಅತಿಥಿಗೆ ಜೂನ್ ತಿಂಗಳಲ್ಲಿ ಕರೆ ಬರುತ್ತದೆ, ಪರೀಕ್ಷೆ ಮುಗಿಯುತ್ತಲೂ ಬಾಗಿಲು ಮುಚ್ಚುತ್ತದೆ. ಇವನಿಗೆ ಸಿಗುವುದು ಸಂಬಳವಲ್ಲ, 'ಗೌರವಧನ'. ತಿಂಗಳಿಗೆ 10-12 ಸಾವಿರದ ಆಸುಪಾಸು. ಬೀದಿಗಿಳಿದು ಕೂಗಿದ ಮೇಲೆ ಸಾವಿರ ಎರಡು ಸಾವಿರ ಏರುತ್ತದೆ. ಅದೂ ಎರಡು ಮೂರು ತಿಂಗಳಿಗೊಮ್ಮೆ ಒಟ್ಟಿಗೆ ಬಂದರೆ ಪುಣ್ಯ. ಕಾಯಂ ಮೇಷ್ಟ್ರು ವರ್ಗವಾಗಿ ಬಂದರೆಂದರೆ ನಡುವರ್ಷದಲ್ಲೇ ಇವನ ಕುರ್ಚಿ ಹೋಯಿತು. ಬೇಸಿಗೆ ರಜೆಯಲ್ಲಿ ಗೌರವವೂ ಇಲ್ಲ, ಧನವೂ ಇಲ್ಲ. ಗಾರೆ ಕೆಲಸಕ್ಕೋ ಅಂಗಡಿ ಲೆಕ್ಕ ಬರೆಯುವುದಕ್ಕೋ ಹೋಗಬೇಕು. ಮಕ್ಕಳಿಗೆ ಇವನು ಮೇಷ್ಟ್ರು, ಸ್ಟಾಫ್ ರೂಮಿನಲ್ಲಿ 'ಗೆಸ್ಟು'. ಹಾಜರಿ ಪುಸ್ತಕ ಕೂಡ ಬೇರೆ. ಬೇರೆ ಲೋಟ, ಬೇರೆ ಸಾಲು, ಬೇರೆ ದಾರಿ ಕಂಡು ಬೆಳೆದವನಿಗೆ ಬೇರೆ ಪುಸ್ತಕದಲ್ಲಿ ಸಹಿ ಹಾಕುವುದು ಹೊಸದೇನಲ್ಲ.

ಇಂಥವನಿಗೆ ನಾಳೆ ಎಂಬುದು ಇಲಾಖೆಯ ಆದೇಶದ ಮೇಲೆ ನಿಂತಿದೆ. ಇವತ್ತು ಎಂಬುದು ಬಸ್ಸಿನ ಟೈಮಿನ ಮೇಲೆ. ಇವನಿಗೆ ಕಾಯಂ ಆಗಿರುವುದು ನಿನ್ನೆಯೊಂದೇ. ಆದ್ದರಿಂದಲೇ ಇವನ ಹಳಹಳಿಕೆಯನ್ನು ಹಂಚಿನ ಮನೆಯವರ ಹಳಹಳಿಕೆಯ ಜೊತೆಗಿಟ್ಟು ಒಂದೇ ಕೋಲಿನಿಂದ ಹೊಡೆಯುವುದು ಸರಿಯಲ್ಲ ಎಂದು ನಮ್ಮ ವಾದ. ಅವರಿಗೆ ಆದದ್ದು ಇದ್ದ ಸವಲತ್ತು ಜಾರಿಹೋದ ದುಃಖ. ಇವನಿಗಾದರೋ ಇದ್ದದ್ದೇ ಕಡಿಮೆ, ಅದರಲ್ಲಿ ಹೊಳೆದದ್ದು ಇನ್ನೂ ಕಡಿಮೆ. ಆ ಹೊಳಪನ್ನೇ ಅವನು ಮತ್ತೆ ಮತ್ತೆ ತೆಗೆದು ನೋಡುತ್ತಿದ್ದಾನೆ.

ಡಿಸೆಂಬರ್ ಬಂತೆಂದರೆ ಹೆಡ್‌ಮೇಷ್ಟ್ರು ಕರೆದು ಹೇಳುತ್ತಾರೆ: "ನೋಡಯ್ಯ, ಸ್ಕೂಲ್ ಡೇ ನಾಟ್ಕ ಈ ಸಲ ನೀನೇ ಮಾಡಿಸ್ಬೇಕು. ನಿಂಗೇ ಆಸಕ್ತಿ ಐತಲ್ಲ." ಕಾಯಂ ಮೇಷ್ಟ್ರುಗಳಿಗೆ ಸಂಜೆ ಮನೆ ಇದೆ, ಗೆಸ್ಟಿಗೆ ಆಸಕ್ತಿ ಇದೆ! ಆಗ ಇವನ ಕಣ್ಣ ಮುಂದೆ ಬಂದು ನಿಲ್ಲುವುದು ಎಳವೆಯಲ್ಲಿ ಕಂಡ 'ಕುರುಕ್ಷೇತ್ರ'.

ಮಂಡ್ಯ, ಮೈಸೂರು, ಹಾಸನ, ತುಮಕೂರು ಕಡೆಯ ನಮ್ಮ ಓದುಗರಿಗೆ ಈ ನಾಟಕದ ಬಗ್ಗೆ ಹೇಳಬೇಕಾಗಿಲ್ಲ. ಉಳಿದವರಿಗಾಗಿ ಎರಡು ಮಾತು. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿ ಆನೆ ಕುದುರೆಗಳನ್ನೇ ರಂಗಕ್ಕೆ ತಂದು ಆಡಿದ ಕುರುಕ್ಷೇತ್ರದ ಗುಂಗು ಹಳ್ಳಿಗಳನ್ನು ಇನ್ನೂ ಬಿಟ್ಟಿಲ್ಲ. ಕಂಪನಿಗಳು ಸೊರಗಿದವು, ನಾಟಕ ಮಾತ್ರ ರೈತರ, ಕೂಲಿಗಳ, ಗುಮಾಸ್ತರ ಕೈಗೆ ಬಂತು. ಹಾರ್ಮೋನಿಯಂ ಮೇಷ್ಟ್ರು ಊರಲ್ಲಿ ಬಂದು ಠಿಕಾಣಿ ಹೂಡುತ್ತಾರೆ. ತಿಂಗಳುಗಟ್ಟಲೆ ರಾತ್ರಿ ಹೊತ್ತು ಕಂದ, ವೃತ್ತ, ಮಟ್ಟುಗಳ ಅಭ್ಯಾಸ. ಸೀನರಿ, ಕಿರೀಟ, ಗದೆ ಎಲ್ಲ ಬಾಡಿಗೆಗೆ. ರಾತ್ರಿ ಒಂಬತ್ತಕ್ಕೆ ಶುರುವಾದರೆ ಬೆಳ್ಳಿ ಮೂಡುವ ಹೊತ್ತಿಗೆ ಮುಗಿಯುತ್ತದೆ. ಹಾಡು ಹಿಡಿಸಿದರೆ ಒನ್ಸ್ ಮೋರ್, ಎದೆಗೆ ನೋಟಿನ ಹಾರ. ಇವತ್ತಿಗೂ ತುಮಕೂರಿನ ಗುಬ್ಬಿ ವೀರಣ್ಣ ಕಲಾಕ್ಷೇತ್ರ, ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರಗಳಲ್ಲಿ ಬಸ್ಸಿನಲ್ಲಿ ಬಂದಿಳಿದ ಹಳ್ಳಿ ತಂಡಗಳು ಇದನ್ನು ಆಡುತ್ತವೆ. ನಗರದ ರಂಗ ವಿಮರ್ಶಕರ ಕಣ್ಣಿಗೆ ಇದು ಬೀಳುವುದಿಲ್ಲ. ಸಾವಿರಾರು ಜನ ರಾತ್ರಿಯಿಡೀ ನಿದ್ದೆಗೆಟ್ಟು ನೋಡುವುದನ್ನು 'ಅಭಿರುಚಿ ಇಲ್ಲದ್ದು' ಎಂದು ಬಿಟ್ಟು, ಐವತ್ತು ಜನ ಕೂತು ನೋಡುವ ಪ್ರಯೋಗದ ಮೇಲೆ ಹತ್ತು ಪುಟ ಬರೆಯುವುದು ನಮ್ಮ ರಂಗ ವಿಮರ್ಶೆಯ ಸಂಪ್ರದಾಯ.

ಈ ನಾಟಕದ ಒಂದು ಗುಟ್ಟು ಪಾತ್ರ ಹಂಚಿಕೆ. ಇಲ್ಲಿ ಪಾತ್ರವನ್ನು ಕೊಡುವುದಿಲ್ಲ, ಕೊಳ್ಳಬೇಕು. ಕೃಷ್ಣ, ದುರ್ಯೋಧನ, ಭೀಮ, ಕರ್ಣ ದುಬಾರಿ. ಸೈಂಧವ, ಸಾತ್ಯಕಿ ಅಗ್ಗ. ದ್ವಾರಪಾಲಕ ಇನ್ನೂ ಅಗ್ಗ. ಗಂಟಲು ಇದ್ದವನಿಗಲ್ಲ, ಗಂಟು ಇದ್ದವನಿಗೆ ಕಿರೀಟ. ಊರೊಟ್ಟಿನ ನಾಟಕದಲ್ಲಿ ಜಮೀನು ಇದ್ದವನು ಕೃಷ್ಣನಾದ. ಕೇರಿಯವನು ಚಪ್ಪರಕ್ಕೆ ಗುಂಡಿ ತೋಡಿದ, ಸೋಗೆ ಹೊತ್ತ, ತಮಟೆ ಬಡಿದ, ಆಮೇಲೆ ಹಿಂದುಗಡೆ ನಿಂತು ನೋಡಿದ. ನಮ್ಮ ಗೆಸ್ಟ್ ಮೇಷ್ಟ್ರು ಎಳವೆಯಲ್ಲಿ ಅಪ್ಪನ ಹೆಗಲ ಮೇಲೆ ಕೂತು ನೋಡಿದ ನಾಟಕ ಇದೇ. ಹೆಗಲ ಮೇಲೆ ಕೂತದ್ದು ನೆನಪಿದೆ. ಅಪ್ಪ ಯಾಕೆ ರಾತ್ರಿಯಿಡೀ ನಿಂತೇ ಇದ್ದ ಎಂಬುದನ್ನು ಹಳಹಳಿಕೆ ಕೇಳುವುದಿಲ್ಲ.

ಆದರೆ ಕತೆ ಇಲ್ಲಿಗೆ ನಿಲ್ಲಲಿಲ್ಲ. ಕೇರಿಯ ಹುಡುಗರೂ ತಮ್ಮದೇ ತಂಡ ಕಟ್ಟಿದರು. ಕೂಲಿ ದುಡ್ಡು ಕೂಡಿಸಿ, ಹೆಂಡತಿಯ ಓಲೆ ಒತ್ತೆಯಿಟ್ಟು ದುರ್ಯೋಧನನ ಪಾರ್ಟು ಕಟ್ಟಿದರು. ನಮ್ಮ ವಿಚಾರವಾದಿ ಗೆಳೆಯರಿಗೆ ಇದು ಬರೀ ಮೌಢ್ಯವಾಗಿ ಕಾಣುತ್ತದೆ: ಹೊಟ್ಟೆಗಿಲ್ಲದವನಿಗೆ ಕಿರೀಟ ಯಾಕೆ? ನಮಗೆ ಹಾಗೆ ಕಾಣುವುದಿಲ್ಲ. ಹಗಲೆಲ್ಲ ತಲೆಯ ಮೇಲೆ ಗೊಬ್ಬರದ ಮಂಕರಿ ಹೊತ್ತವನು ಅದೇ ತಲೆಯ ಮೇಲೆ ಒಂದು ರಾತ್ರಿ ಕಿರೀಟ ಇಟ್ಟುಕೊಳ್ಳಬೇಕು ಅಂದರೆ ಅದು ಮೌಢ್ಯವಲ್ಲ, ಹಸಿವೇ. ಅನ್ನದ ಹಸಿವಿನ ಪಕ್ಕದಲ್ಲೇ ಇರುವ ಇನ್ನೊಂದು ಹಸಿವು. ಹೆಗಲ ಮೇಲಿನ ಟವೆಲ್ಲು ತೆಗೆದು ಕಂಕುಳಲ್ಲಿ ಇಟ್ಟುಕೊಳ್ಳಬೇಕಾದ ಬೀದಿಯಲ್ಲೇ ಅವನು ಅವತ್ತು ಗದೆ ಹೊತ್ತು ನಡೆದ.

ಮತ್ತೆ, ದುರ್ಯೋಧನನೇ ಯಾಕೆ? ಹತ್ತನೇ ಶತಮಾನದ ರನ್ನ ತನ್ನ ಗದಾಯುದ್ಧದಲ್ಲಿ ದುರ್ಯೋಧನನ ಛಲಕ್ಕೆ ಮರುಳಾದ ಎಂದು ಪಂಡಿತರು ಪಾಠ ಮಾಡುತ್ತಾರೆ. ಕೇರಿಯವನು ರನ್ನನನ್ನು ಓದಿಲ್ಲ. ಅವನಿಗೆ ಗೊತ್ತಿರುವುದು ಒಂದೇ: ತುಂಬಿದ ಸಭೆಯಲ್ಲಿ ಎಲ್ಲರೂ ನಿನ್ನ ಕುಲ ಯಾವುದು ಎಂದು ಕೇಳಿದಾಗ ಕುಲ ಕೇಳದೆ ಅಂಗರಾಜ್ಯದ ಪಟ್ಟ ಕಟ್ಟಿದವನು ಈತ. ಕರ್ಣನನ್ನು ಸೂತಪುತ್ರ ಎಂದು ಹಂಗಿಸುವ ಮಾತು ಬಂದಾಗ ಊರ ಮುಂದಿನ ಸಾಲೂ ಕಣ್ಣೊರೆಸಿಕೊಳ್ಳುತ್ತದೆ, ಕೇರಿಯ ಹಿಂದಿನ ಸಾಲೂ ಕಣ್ಣೊರೆಸಿಕೊಳ್ಳುತ್ತದೆ. ಬೆಳಗಾದ ಮೇಲೆ ಮುಂದಿನ ಸಾಲಿನವನು ಅದೇ ಕಣ್ಣು ಬಿಟ್ಟುಕೊಂಡು ಹೋಟೆಲಿನಲ್ಲಿ ಬೇರೆ ಲೋಟ ಇಡಿಸುತ್ತಾನೆ. ಕಣ್ಣೀರು ಇಲ್ಲಿ ಸುಳ್ಳಲ್ಲ. ಸುಳ್ಳಾಗದೆಯೂ ಏನನ್ನೂ ಮಾಡದೆ ಇರಬಲ್ಲದು ಅದು. ಕರ್ಣ ಕೊನೆಗೆ ಕ್ಷತ್ರಿಯನೇ ಎಂದು ಕುಂತಿ ಬಂದು ಹೇಳುವುದರಿಂದ ಮುಂದಿನ ಸಾಲಿಗೆ ಸಮಾಧಾನವೂ ಆಗುತ್ತದೆ: ಅಂತೂ ನಮ್ಮವನೇ, ಅದಕ್ಕೇ ಅಷ್ಟು ದೊಡ್ಡ ಗುಣ! ಹುಟ್ಟಿನ ಗುಟ್ಟು ಬಯಲಾಗದ ಕರ್ಣನೊಬ್ಬ ಇದ್ದಿದ್ದರೆ ಅವನಿಗಾಗಿ ಎಷ್ಟು ಜನ ಅಳುತ್ತಿದ್ದರು?

ಈ ಕುಂತಿ, ದ್ರೌಪದಿ, ಗಾಂಧಾರಿಯರ ಬಗ್ಗೆಯೂ ಒಂದು ಮಾತು. ಊರಿನ ಹೆಂಗಸರು ರಂಗದ ಮೇಲೆ ಬರುವುದಿಲ್ಲ. ದುಡ್ಡು ಕೊಟ್ಟು ಪಟ್ಟಣದಿಂದ ಕಲಾವಿದೆಯರನ್ನು ಕರೆಸುತ್ತಾರೆ. ಒಬ್ಬಾಕೆ ಮೂರು ಪಾತ್ರ ಮಾಡಿ, ಮೂವರು ಗಂಡಸರ ತಪ್ಪಿದ ಮಾತನ್ನು ತಾನೇ ಎತ್ತಿಕೊಟ್ಟು, ಬೆಳಗಿನ ಮೊದಲ ಬಸ್ಸಿಗೆ ಓಡುತ್ತಾಳೆ. ವಸ್ತ್ರಾಪಹರಣವಾದಾಗ ಕೈಮುಗಿದ ಜನವೇ ಮೇಕಪ್ಪು ತೆಗೆದ ಮೇಲೆ ಆಡುವ ಮಾತು ಇಲ್ಲಿ ಬರೆಯುವಂಥದಲ್ಲ. ಇವರೂ ಒಂದು ರೀತಿಯ ಅತಿಥಿಗಳೇ. ಇವರ ಕತೆಯನ್ನು ಇವರೇ ಬರೆಯುವ ತನಕ ನಮ್ಮ ರಂಗ ಇತಿಹಾಸ ಅರ್ಧ.

ಇನ್ನು ಎಳವೆಯ ಅಚ್ಚುಮೆಚ್ಚಿನ ಪುಸ್ತಕಗಳು. ಚಂದಮಾಮ ಕನ್ನಡಕ್ಕೆ ಬಂದದ್ದು 1949ರಲ್ಲಿ, ಈಗ ನಿಂತುಹೋಗಿದೆ. ಅದರಲ್ಲಿ ರಾಜ ಇದ್ದ, ವರ್ತಕ ಇದ್ದ, ಬಡ ಬ್ರಾಹ್ಮಣ ಧಾರಾಳವಾಗಿ ಇದ್ದ. ಕೇರಿ ಇರಲಿಲ್ಲ. ಆದರೂ ಅದರ ಬೇತಾಳನ ಮೇಲೆ ನಮಗೆ ಪ್ರೀತಿ ಇದೆ, ರಾಜನ ಬೆನ್ನೇರಿ ಪ್ರಶ್ನೆ ಕೇಳುವ ಇನ್ನೊಬ್ಬರು ಆ ಪುಟಗಳಲ್ಲಿ ಇರಲಿಲ್ಲವಾದ್ದರಿಂದ.

ಗೋವಿನ ಹಾಡಿನ ಮಾತು ಬೇರೆ. ಅದನ್ನು ಕೇಳಿ ಅಳದ ಮಗು ಕನ್ನಡದಲ್ಲಿಲ್ಲ. ತಿನ್ನಲು ಬಂದ ಹುಲಿಗೆ ಯಾರೂ ಆಣೆ ಹಾಕಿಸುವುದಿಲ್ಲ, ತಿನ್ನಿಸಿಕೊಳ್ಳಬೇಕಾದ ಹಸುವೇ ಆಣೆ ಇಡಬೇಕು, ಇಟ್ಟ ಆಣೆಗೆ ತಪ್ಪದೆ ಮರಳಿ ಬರಬೇಕು. ಹುಲಿ ಕೊನೆಗೆ ಪಶ್ಚಾತ್ತಾಪದಿಂದ ಪ್ರಾಣ ಬಿಡುತ್ತದೆ. ನಮಗೆ ಗೊತ್ತಿರುವ ಯಾವ ಹುಲಿಯೂ ಹಾಗೆ ಬಿಟ್ಟಿಲ್ಲ. ಕೂಲಿಯವನಿಗೆ ಸತ್ಯವನ್ನೂ ಧಣಿಗೆ ಪಶ್ಚಾತ್ತಾಪವನ್ನೂ ಹಂಚಿಕೊಟ್ಟು ಸುಮ್ಮನಾಗುವ ನೀತಿಪಾಠವನ್ನು ಶಾಲೆ ತಲೆಮಾರುಗಳಿಂದ ಬಾಯಿಪಾಠ ಮಾಡಿಸಿದೆ. ಇಷ್ಟು ಹೇಳಿ ನಿಲ್ಲಿಸಿದರೆ ಮಾತ್ರ ಹಾಡಿಗೆ ಅನ್ಯಾಯ. ನಮ್ಮ ಮೇಷ್ಟ್ರು ಹುಡುಗನಾಗಿದ್ದಾಗ ಅತ್ತದ್ದು ಸತ್ಯಕ್ಕಾಗಿ ಅಲ್ಲ. ಕರು ತಾಯಿಯನ್ನು ಕೇಳುವ ಕಡೆ, ಕರುವನ್ನು ಅಕ್ಕತಂಗಿಯರಿಗೆ ಒಪ್ಪಿಸಿ ತಾಯಿ ಹೊರಡುವ ಕಡೆ ಅತ್ತ. ಕಣ್ಣು ಬಿಡುವ ಮುಂಚೆ ಕಳೆ ಕೀಳಲು ಹೋಗುವ ಅವ್ವ, ಪಕ್ಕದ ಗುಡಿಸಲ ಅಜ್ಜಿಯ ಸುಪರ್ದಿಗೆ ಬಿದ್ದ ಕೂಸು. ಅವನಿಗೆ ಹಾಡು ಅರ್ಥವಾದದ್ದು ಹಾಗೆ. ಶಾಲೆ ಹೇಳಿಕೊಟ್ಟ ಅರ್ಥವನ್ನು ಬಿಟ್ಟು ತನಗೆ ಬೇಕಾದದ್ದನ್ನು ಅವನು ಆಗಲೇ ಎತ್ತಿಕೊಂಡಿದ್ದ.

ಕುವೆಂಪು ಅವರ 'ಬೊಮ್ಮನಹಳ್ಳಿಯ ಕಿಂದರಿಜೋಗಿ'ಯೂ ಅಷ್ಟೆ. ಇಂಗ್ಲಿಷಿನ ಬ್ರೌನಿಂಗ್ ಕವಿಯ ಕತೆಯನ್ನು ತುಂಗಾ ತೀರಕ್ಕೆ ತಂದ ಈ ಪದ್ಯವನ್ನು ಇಲಿಗಳ ಕುಣಿತಕ್ಕಾಗಿ ಎಲ್ಲರೂ ಮೆಚ್ಚುತ್ತಾರೆ. ಒಳಗಿರುವುದು ಕೂಲಿಯ ಕತೆ. ಇಲಿ ಓಡಿಸಿದರೆ ಇಷ್ಟು ಹಣ ಎಂದು ಮಾತು ಕೊಟ್ಟ ಗೌಡ, ಕೆಲಸ ಮುಗಿದ ಮೇಲೆ ಕೈ ಎತ್ತುತ್ತಾನೆ. ಮಕ್ಕಳು ಜೋಗಿಯ ಹಿಂದೆ ಹೋದದ್ದು ಆಮೇಲಿನ ಮಾತು. ಮೂರು ತಿಂಗಳ ಗೌರವಧನ ಬಾಕಿ ಇರುವ ಮೇಷ್ಟ್ರೊಬ್ಬ ಇದನ್ನು ನಲಿಕಲಿ ಮಕ್ಕಳಿಗೆ ಕುಣಿದು ಕುಣಿದು ಹೇಳಿಕೊಡುತ್ತಾನಲ್ಲ, ಆ ಸ್ಥಿತಿಯ ಮೇಲೆ ಬೇರೆ ವ್ಯಾಖ್ಯಾನ ಬೇಕಿಲ್ಲ.

ಹಳಹಳಿಕೆಗೆ ಒಗ್ಗದ ನೆನಪುಗಳೂ ಕನ್ನಡದಲ್ಲಿವೆ. ಅರವಿಂದ ಮಾಲಗತ್ತಿಯವರ 'ಗೌರ್ಮೆಂಟ್ ಬ್ರಾಹ್ಮಣ' 1994ರಲ್ಲಿ ಬಂತು. ಅದರ ಶಾಲೆಯನ್ನು ಓದಿದ ಮೇಲೆ ಶಾಲೆಯ ಗಂಟೆಯ ಬಗ್ಗೆ ಲಲಿತವಾಗಿ ಬರೆಯುವುದು ಕಷ್ಟ. ಸಿದ್ಧಲಿಂಗಯ್ಯನವರ 'ಊರುಕೇರಿ' ಮೊದಲಿಗೇ ತೋರಿಸುವುದು ಎತ್ತಿನ ಜಾಗದಲ್ಲಿ ನೊಗಕ್ಕೆ ಹೆಗಲು ಕೊಟ್ಟ ಇಬ್ಬರು ಮನುಷ್ಯರನ್ನು, ಅವರಲ್ಲೊಬ್ಬ ತಂದೆ. ಇಷ್ಟಾದರೂ ಆ ಪುಸ್ತಕ ನಗಿಸುತ್ತದೆ. ಪುಟ ಪುಟಕ್ಕೂ ನಗಿಸುತ್ತದೆ. ಕೇರಿಯ ಬಾಲ್ಯವೆಂದರೆ ಅಳುವೇ ಇರಬೇಕೆಂದು ಬಯಸುವ ಓದುಗನಿಗೂ, ಸಂಪಿಗೆಯೇ ಇರಬೇಕೆಂದು ಬಯಸುವ ಓದುಗನಿಗೂ ಅದು ಒಟ್ಟಿಗೆ ಕೈ ಕೊಡುತ್ತದೆ. ದೇವನೂರರ 'ಒಡಲಾಳ'ದಲ್ಲಿ ಸಾಕವ್ವನ ಮನೆಯವರೆಲ್ಲ ರಾತ್ರಿ ಒಲೆಯ ಸುತ್ತ ಕೂತು ಕದ್ದ ಕಡಲೆಕಾಯಿ ತಿನ್ನುತ್ತಾರಲ್ಲ, ಅಂಥ ಹಬ್ಬ ಯಾವ ಹಂಚಿನ ಮನೆಯ ನೆನಪಿನಲ್ಲಿದೆ?

ಹಾಗಾದರೆ ಡಿಸೆಂಬರಿನಲ್ಲಿ ನಮ್ಮ ಮೇಷ್ಟ್ರು ಯಾವ ನಾಟಕ ಆಡಿಸಬೇಕು? ನಮ್ಮ ಗೆಳೆಯರು ಕೂಡಲೇ ಹೇಳುವುದು ಬೀದಿ ನಾಟಕ. ಬಿಹಾರದ ಬೆಲ್ಚಿಯಲ್ಲಿ 1977ರಲ್ಲಿ ದಲಿತರನ್ನು ಸುಟ್ಟಾಗ ಸಮುದಾಯದವರು ಸಿ.ಜಿ.ಕೆ. ಅವರ 'ಬೆಲ್ಚಿ'ಯನ್ನು ಊರೂರಿಗೆ ಒಯ್ದರು. ಪರದೆ ಇಲ್ಲ, ಬಣ್ಣ ಇಲ್ಲ, ಟಿಕೆಟ್ ಇಲ್ಲ. ಅದು ಆಗ ಬೇಕಿತ್ತು, ಈಗಲೂ ಬೇಕು. ಆದರೆ ಬಣ್ಣ ಹಚ್ಚಿಕೊಳ್ಳುವ ಅವಕಾಶ ಹುಟ್ಟಿದಾಗಿನಿಂದ ಸಿಗದವನಿಗೆ ಬಣ್ಣ ಬೇಡ ಎಂದು ಉಪದೇಶ ಮಾಡುವುದು, ಅಂಗಿ ಇಲ್ಲದವನಿಗೆ ಸರಳ ಜೀವನ ಬೋಧಿಸಿದ ಹಾಗೆ. ಕೇರಿಯ ಮಗುವಿಗೆ ಕಿರೀಟ ಬೇಕು. ಮಿಂಚುವ ಕಿರೀಟ, ಗಾಜಿನ ಹರಳಿನ ಎದೆಕಟ್ಟು, ದೊಡ್ಡ ಗದೆ ಎಲ್ಲ ಬೇಕು.

ನಮ್ಮ ಮಟ್ಟಿಗೆ 'ಶೂದ್ರ ತಪಸ್ವಿ' ಇದಕ್ಕೆ ತಕ್ಕ ನಾಟಕ. 1944ರಲ್ಲಿ ಬಂದದ್ದು. ರಾಮನ ಬಾಣ ಶಂಬೂಕನ ತಲೆ ಕಡಿಯುವ ಬದಲು ದೂರು ತಂದ ಬ್ರಾಹ್ಮಣನನ್ನೇ ಅಟ್ಟಿಸಿಕೊಂಡು ಹೋಗುತ್ತದೆ, ಆತ ಶಂಬೂಕನಿಗೆ ಕೈಮುಗಿಯುವ ತನಕ ಬಿಡುವುದಿಲ್ಲ. ಪುರಾಣದ ಕತೆಯನ್ನು ಹೀಗೆ ತಿರುಗಿಸಬಹುದೇ ಎಂದು ಮಾಸ್ತಿಯವರು ಆಕ್ಷೇಪ ಎತ್ತಿದರು, ಕುವೆಂಪು ಜವಾಬು ಕೊಟ್ಟರು. ಬಾಣ ಓಡಿಸಿಕೊಂಡು ಹೋಗುವುದನ್ನು ಮಕ್ಕಳು ಎಷ್ಟು ಚೆನ್ನಾಗಿ ಆಡಬಲ್ಲರು! ರಾಮನೂ ಇದ್ದಾನೆ, ಕಿರೀಟವೂ ಇದೆ. ಭಾಷೆ ಹಳೆಗನ್ನಡದ ಕಡೆ ವಾಲುತ್ತದೆ, ನಿಜ. ಕುರುಕ್ಷೇತ್ರದ ಕಂದಪದ್ಯಗಳನ್ನು ಹೆಬ್ಬೆಟ್ಟಿನವರು ತಪ್ಪಿಲ್ಲದೆ ಹೇಳುವ ನಾಡಿನಲ್ಲಿ ಅದು ನೆಪವಾಗಲಾರದು.

ತೊಂದರೆ ಇರುವುದು ಭಾಷೆಯಲ್ಲಿ ಅಲ್ಲ. ಎಸ್.ಡಿ.ಎಂ.ಸಿ. ಸಭೆಯಲ್ಲಿ ಯಾರೋ ಒಬ್ಬರು ಎದ್ದು, "ಅದೆಲ್ಲ ಯಾಕ್ ಬೇಕು ಮೇಷ್ಟ್ರೆ, ಚೆಂದಾಗಿ ಒಂದ್ ಡ್ಯಾನ್ಸ್ ಮಾಡ್ಸಿ" ಅನ್ನುತ್ತಾರೆ. ಮುಂದಿನ ಜೂನ್‌ನಲ್ಲಿ ಕರೆಯುವವರು, ಕರೆಯದೆ ಇರುವವರು ಅವರೇ ಎಂಬುದು ಇವನಿಗೆ ಗೊತ್ತು. ಇಂಥವನಿಗೆ ಧೈರ್ಯ ಮಾಡಯ್ಯ ಎಂದು ಇಲ್ಲಿ ಕೂತು ಬರೆಯಲು ನಮಗೆ ಮನಸ್ಸಿಲ್ಲ. ಕಾಯಂ ಹುದ್ದೆಯಲ್ಲಿರುವ ನಮ್ಮ ಓದುಗ ಮೇಷ್ಟ್ರುಗಳಿಗೆ ಕೇಳುತ್ತೇವೆ: ಆ ಸಭೆಯಲ್ಲಿ ನೀವು ಎಲ್ಲಿ ಕೂತಿರುತ್ತೀರಿ? 'ಈ ನಾಟಕ ನಾನು ಆಡಿಸ್ತಿರೋದು' ಎಂದು ನೀವು ಹೇಳಿದರೆ ಸಾಕು, ನಿಮ್ಮನ್ನು ಜೂನ್‌ನಲ್ಲಿ ಯಾರೂ ತೆಗೆಯುವುದಿಲ್ಲ. ತಾಲೀಮು ಅವನು ಮಾಡಿಸಲಿ. ಪಾತ್ರಗಳನ್ನು ಚೀಟಿ ಎತ್ತಿ ಹಂಚಿ. ಶಂಬೂಕ ಯಾರಿಗೆ ಬರುತ್ತದೋ, ರಾಮ ಯಾರಿಗೆ ಬರುತ್ತದೋ ಬರಲಿ. ಕಿರೀಟದ ಬಾಡಿಗೆಯನ್ನು ಮಾತ್ರ ಅವನ ಗೌರವಧನದಿಂದ ಕೊಡಿಸಬೇಡಿ.