ಹೆಸರಿಗೆ ತೆರುವ ದುಡ್ಡು

ಭಾರತದಲ್ಲಿ ಹಳೆಯ ವಿದೇಶಿ ಕೋವಿಯ ಬೆಲೆ ನೋಡಿ ಅದರ ಗುಣ ಅಳೆಯಲು ಹೋದರೆ ಮೋಸ ಹೋಗುವುದೇ ಹೆಚ್ಚು. 1980ರ ದಶಕದ ಮಧ್ಯಭಾಗದಲ್ಲಿ ಸಾಮಾನ್ಯ ಲೈಸೆನ್ಸ್‌ದಾರರಿಗೆ ಬಂದೂಕಿನ ಆಮದು ನಿಂತಿತು. ಅಲ್ಲಿಂದೀಚೆಗೆ ದೇಶದೊಳಗೆ ಇದ್ದ ಮಾಲೇ ಕೈಯಿಂದ ಕೈಗೆ ತಿರುಗುತ್ತಿದೆ. ಸವೆದ ವಾಲ್ಥರ್ ಪಿಸ್ತೂಲಿಗೂ ಲಕ್ಷಗಟ್ಟಲೆ ಸುರಿಯುವವರಿದ್ದಾರೆ. ಅವರು ಕೊಡುತ್ತಿರುವುದು ಅಭಾವದ ಬೆಲೆ.

ಕೊಡಗಿನಲ್ಲಿ ಈ ಮೋಹಕ್ಕೆ ಬೇರೆಯದೇ ಬಣ್ಣ. ಕೊಡವರಿಗೂ ವಂಶಪಾರಂಪರ್ಯದ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಬಂದ ಲೈಸೆನ್ಸ್ ವಿನಾಯಿತಿಯನ್ನು ಕೇಂದ್ರ ಸರ್ಕಾರ 2029ರವರೆಗೆ ವಿಸ್ತರಿಸಿದೆ. ಕೈಲ್‌ಪೊಳ್ದ್ ಹಬ್ಬದ ದಿನ ಕೋವಿಗಳನ್ನು ಸಾಲಾಗಿಟ್ಟು, ನಳಿಗೆಗೆ ತೋಕ್‌ಪೂ ಎಂಬ ಹೂವು ಸಿಕ್ಕಿಸಿ ಪೂಜಿಸುತ್ತಾರೆ. ಆ ಸಾಲಿನಲ್ಲಿ ಇಂಗ್ಲೆಂಡಿನ ವೆಬ್ಲಿ ಆ್ಯಂಡ್ ಸ್ಕಾಟ್ ಅಥವಾ ಗ್ರೀನರ್ ಇದ್ದರೆ ಮನೆಯವರಿಗೆ ಹೆಮ್ಮೆ. ಅಜ್ಜ ಬಿಟ್ಟುಹೋದ ಕೋವಿಯ ಮಾತು ಬೇರೆ, ಅದಕ್ಕೆ ಬೆಲೆ ಕಟ್ಟಲಾಗದು. ಆದರೆ ಹಂದಿ, ಆನೆಗಳನ್ನು ಬೆದರಿಸಿ ತೋಟ ಕಾಯಲು ಈಗ ಹೊಸದಾಗಿ ಕೊಳ್ಳುವವರು ಆ ಹೆಸರಿಗೇ ಜೋತುಬೀಳಬೇಕೇ?

ಜೋಡಿ ನಳಿಗೆಯ ಹಳೆಯ ಇಂಗ್ಲಿಷ್ ಕೋವಿಯನ್ನು ಬಿಚ್ಚಿ, ನಳಿಗೆಯ ತಳದ ಚಪ್ಪಟೆ ಭಾಗವನ್ನು ಬೆಳಕಿಗೆ ಹಿಡಿದರೆ ಬರ್ಮಿಂಗ್‌ಹ್ಯಾಮಿನ ಪರೀಕ್ಷಾ ಮುದ್ರೆಗಳು ಕಾಣುತ್ತವೆ. ಅನೇಕ ಕೋವಿಗಳಲ್ಲಿ ತೋಟಾ ಕೂರುವ ಜಾಗದ ಉದ್ದ ಎರಡೂವರೆ ಇಂಚು, ಅಂದರೆ ಸುಮಾರು 65 ಮಿ.ಮೀ. ಈಗಿನ ತೋಟಾಗಳು ಹೆಚ್ಚಾಗಿ 70 ಮಿ.ಮೀ.ನವು. ಬಾಯಿ ಮಡಚಿರುವುದರಿಂದ ಅಂಥ ತೋಟಾ ಹಳೆಯ ನಳಿಗೆಯಲ್ಲೂ ಸಲೀಸಾಗಿ ಕೂರುತ್ತದೆ. ಅಪಾಯ ಇರುವುದೇ ಅಲ್ಲಿ. ಗುಂಡು ಹಾರಿದಾಗ ಮಡಿಕೆ ಬಿಚ್ಚಿ ಮುಂದಿನ ಕಿರಿದಾದ ಭಾಗಕ್ಕೆ ಒತ್ತಿಕೊಳ್ಳುತ್ತದೆ, ಒಳಗಿನ ಒತ್ತಡ ಏರುತ್ತದೆ. ಕೆತ್ತನೆಯ ಚೆಲುವು ಇದನ್ನು ತಡೆಯುವುದಿಲ್ಲ.

ಇದರ ಎದುರು ಸರ್ಕಾರಿ ಕಾರ್ಖಾನೆಯ ಒಂಟಿ ನಳಿಗೆಯ 12 ಬೋರ್ ಕೋವಿ ನೋಡಲು ಒರಟು. ಮರದ ಕೆಲಸ ಒಡ್ಡೊಡ್ಡು, ಟ್ರಿಗರ್ ಬಿಗಿ ಎಂಬ ದೂರು ಹಳೆಯದು, ಸುಳ್ಳೂ ಅಲ್ಲ. ಆದರೆ ಕೆಡುವುದಕ್ಕೆ ಅದರಲ್ಲಿ ಭಾಗಗಳೇ ಕಡಿಮೆ: ಒಂದು ನಳಿಗೆ, ಒಂದು ಬಿಜಾಗರಿ, ಒಂದು ಸ್ಪ್ರಿಂಗು, ಒಂದು ಸುತ್ತಿಗೆ. ಮಳೆಗಾಲದಲ್ಲಿ ಎಣ್ಣೆಬಟ್ಟೆ ಆಡಿಸಿದರೆ ಸಾಕು. ಇಛಾಪುರದ ಸರ್ಕಾರಿ ಕಾರ್ಖಾನೆಯ .315 ರೈಫಲಂತೂ ಎರಡು ಮಹಾಯುದ್ಧ ಕಂಡ ಲೀ-ಎನ್‌ಫೀಲ್ಡಿನ ಯಂತ್ರವನ್ನೇ ಹೊತ್ತಿದೆ.

ಹೆಸರು ಹಾಗೇ ಇದ್ದು ಸರಕು ಬದಲಾದದ್ದೂ ಉಂಟು. ಅಮೆರಿಕದ ವಿಂಚೆಸ್ಟರ್ ಕಂಪನಿ 1964ರಲ್ಲಿ ಖರ್ಚು ತಗ್ಗಿಸಲು ಮಾಡೆಲ್ 70 ರೈಫಲಿನ ವಿನ್ಯಾಸ ಬದಲಿಸಿತು. ಬೇಟೆಗಾರರು ಇಂದಿಗೂ ಅದಕ್ಕೂ ಹಿಂದಿನದನ್ನೇ ಹುಡುಕುತ್ತಾರೆ.

ದೇಶಿ ಎಂದ ಮಾತ್ರಕ್ಕೆ ಅಗ್ಗವೆಂದೂ ಅಲ್ಲ. 2014ರಲ್ಲಿ ಕಾನ್ಪುರದ ಕಾರ್ಖಾನೆ ಮಹಿಳೆಯರ ಸುರಕ್ಷತೆಗೆಂದು ‘ನಿರ್ಭೀಕ್’ ರಿವಾಲ್ವರ್ ತಂದಿತು. ಟೈಟಾನಿಯಂ ಮಿಶ್ರಲೋಹ, ತೂಕ ಸುಮಾರು 500 ಗ್ರಾಂ, ಒಡವೆ ಇಡುವಂಥ ಪೆಟ್ಟಿಗೆ. ಆಗಿನ ಬೆಲೆ ಸುಮಾರು 1.22 ಲಕ್ಷ ರೂಪಾಯಿ. ಹಗುರ ರಿವಾಲ್ವರಿನಲ್ಲಿ ಒದೆತ ಹೆಚ್ಚು, ಹೊಸಬರ ಕೈಗೆ ಗುರಿ ಕಷ್ಟ. ಮಾಮೂಲಿ ಉಕ್ಕಿನ .32 ರಿವಾಲ್ವರ್ ಕಾನ್ಪುರದಲ್ಲೇ, ಅದಕ್ಕಿಂತ ಕಡಿಮೆ ಬೆಲೆಗೆ ಆಗಲೇ ತಯಾರಾಗುತ್ತಿತ್ತು.